‘ಸೂಜಿ ಇಲ್ಲ’ ಎಂಬ ಚೀಟಿ

ನಾನು ಸಣ್ಣದಕ್ಕೂ ಬೆಚ್ಚಿಬೀಳುವ ಹೆಂಗಸು. ಕುಕ್ಕರಿನ ಸೀಟಿಗೂ ಎದೆ ಹಿಡಿದುಕೊಳ್ಳುತ್ತೇನೆ. ‘ನೀಲಾ, ನಿನ್ನ ಎದಿ ಏನ್ ಹಪ್ಪಳದ್ದೇನ?’ ಎಂದು ನಮ್ಮ ಯಜಮಾನರು ಇಂದಿಗೂ ಕಾಡಿಸುತ್ತಾರೆ. ಇಂಥವಳು ವಿಶಾಖಪಟ್ಟಣದ ಪಕ್ಕದ ದುವ್ವಾಡದ ರಫ್ತು ವಲಯದ ಹೊದಿಕೆ ಕಾರ್ಖಾನೆಯೊಂದರಲ್ಲಿ ಇಪ್ಪತ್ತಾರು ವರ್ಷ ದುಡಿದಳು ಎಂದರೆ, ಆ ಇಪ್ಪತ್ತಾರು ವರ್ಷವನ್ನೂ ಒಂದಲ್ಲ ಒಂದು ಕಾರಣಕ್ಕೆ ಬೆಚ್ಚುತ್ತಲೇ ಕಳೆದಳು ಎಂದೇ ತಿಳಿಯಿರಿ. ಆದರೆ ನಿಜವಾಗಿ ಬೆಚ್ಚಬೇಕಾದ ಸಂಗತಿ ನನಗೆ ಗೊತ್ತಾದದ್ದು ನಿವೃತ್ತಳಾಗಿ ಎರಡು ವರ್ಷವಾದ ಮೇಲೆ, ಈ ಹೋದ ಕಾರ್ತೀಕದಲ್ಲಿ.

ಇದನ್ನೆಲ್ಲ ಬರೆಯಿರಿ ಎಂದು ಇಬ್ಬರು ಹೇಳಿದರು. ಒಬ್ಬಳು ಸಿಂಧು. ದಾವಣಗೆರೆಯ ಹುಡುಗಿ, ಇಲ್ಲಿ ಔಷಧ ಕಂಪನಿಯಲ್ಲಿ ಕೆಲಸ, ಎಂವಿಪಿ ಕಾಲೋನಿಯಲ್ಲಿ ನಮ್ಮ ಮೇಲಿನ ಮನೆಯಲ್ಲೇ ಬಾಡಿಗೆಗಿದ್ದಾಳೆ. ಆ ಕೆಲಸ ಬಿಟ್ಟು ಮನೆಯಲ್ಲೇ ಬಣ್ಣದ ಚೌಕಗಳ ಹೊದಿಕೆ ಹೊಲಿಯುವ ಉದ್ಯೋಗ ಹಿಡಿಯಬೇಕೆಂದು ಅವಳ ಆಸೆ. ‘ಮೊಬೈಲಲ್ಲಿ ವಿಡಿಯೋ ನೋಡಿದ್ರೆ ಎಲ್ಲಾ ಚಂದನೇ ಕಾಣುತ್ತೆ ಆಂಟಿ. ಒಳಗಿಂದು ಹೇಳೋರು ಯಾರೂ ಇಲ್ಲ. ನೀವು ಬರೀರಿ,’ ಎಂದಳು. ಇನ್ನೊಬ್ಬಳು ರಮಣಮ್ಮ. ನನ್ನ ಕೈ ಮಾಡಿದ ತಪ್ಪಿಗೆ ಕೆಲಸ ಕಳೆದುಕೊಂಡವಳು. ಅವಳು ಹೇಳಿದ್ದು ವಿನಂತಿಯಲ್ಲ, ಷರತ್ತು. ನಡೆದದ್ದನ್ನು ಹತ್ತು ಜನ ಓದುವ ಹಾಗೆ ಬರೆದರೆ ಮಾತ್ರ ನನ್ನ ಮಾತನ್ನು ನಂಬುತ್ತಾಳಂತೆ. ಅವಳು ನಂಬಲೇಬೇಕು. ಅದಕ್ಕೇ ಪೆನ್ನು ಹಿಡಿದು ಕೂತಿದ್ದೇನೆ.

ನಾವು ಗದಗ ಜಿಲ್ಲೆಯ ರೋಣದ ಕಡೆಯವರು. ಯಜಮಾನರಿಗೆ ಇಲ್ಲಿಯ ಉಕ್ಕಿನ ಕಾರ್ಖಾನೆಯಲ್ಲಿ ನೌಕರಿಯಾಗಿ ವಿಶಾಖಪಟ್ಟಣಕ್ಕೆ ಬಂದೆವು. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಟೌನ್‌ಶಿಪ್ಪಿನ ಮನೆಯಲ್ಲಿ ಒಬ್ಬಳೇ ಕೂತು ಬೇಸತ್ತೆ. ದುವ್ವಾಡದಲ್ಲಿ ಹೊಲಿಗೆ ಬಲ್ಲ ಹೆಂಗಸರು ಬೇಕಂತೆ ಎಂದು ಕೇಳಿ ಅಲ್ಲಿಗೆ ಹೋದೆ. ಏನು ಹೊಲಿಯಲು ಬರುತ್ತದೆ ಎಂದು ಕೇಳಿದರು. ಕೌದಿ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಮನೆಗೆ ಹೋಗಿ ಹಾಸಿಗೆಯ ಮೇಲಿನ ಕೌದಿಯನ್ನೇ ಹೊತ್ತು ತಂದು ತೋರಿಸಿದೆ. ಮರುದಿನದಿಂದ ಬಾ ಎಂದರು.

ಕೌದಿ ಎಂದರೆ ಹಳೆಯದರ ಕೂಟ. ಅವ್ವನ ಸವೆದ ಸೀರೆ, ಅಪ್ಪನ ಧೋತರ, ಮಕ್ಕಳಿಗೆ ಸಣ್ಣದಾದ ಅಂಗಿ, ಎಲ್ಲವೂ ಅದರಲ್ಲಿ ಸೇರುತ್ತವೆ. ಹೊಸ ಬಟ್ಟೆಗೆ ಕತ್ತರಿ ಹಾಕಿ ಕೌದಿ ಮಾಡಿದವಳನ್ನು ನಮ್ಮ ಓಣಿಯಲ್ಲಿ ನಾನು ಕಂಡಿರಲಿಲ್ಲ. ನಮ್ಮ ಮನೆಯಲ್ಲಿ ಇನ್ನೊಂದು ಪದ್ಧತಿಯಿತ್ತು. ಮೂರು ಮೂಲೆ ಮುಚ್ಚಿ, ನಾಲ್ಕನೆಯದನ್ನು ಮುಚ್ಚುವ ಮೊದಲು ಅದರೊಳಗೆ ಒಂದು ಚೂರು ರೊಟ್ಟಿ ಇಡಬೇಕು. ಕೌದಿಯ ಹೊಟ್ಟೆ ಖಾಲಿಯಿದ್ದರೆ ಅದನ್ನು ಹೊದ್ದ ಮಗು ಹಸಿದೇ ಏಳುತ್ತದೆ ಎನ್ನುತ್ತಿದ್ದಳು ನಮ್ಮವ್ವ. ಈ ರೊಟ್ಟಿ ಚೂರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಕಾರ್ಖಾನೆಯ ಮೊದಲ ದಿನ. ಮಡಿಕೆ ಬಿಚ್ಚದ ಹೊಸ ಥಾನುಗಳನ್ನು ಉದ್ದನೆಯ ಮೇಜಿನ ಮೇಲೆ ಒಂದರ ಮೇಲೊಂದು ಹಾಸಿ, ಕರೆಂಟಿನ ಕತ್ತರಿಯಿಂದ ಚರ್ರನೆ ಪಟ್ಟಿ ಪಟ್ಟಿಯಾಗಿ ಸೀಳುತ್ತಿದ್ದರು. ನನಗೆ ಕೂಗು ತಡೆಯಲಾಗಲಿಲ್ಲ.

‘ಅಯ್ಯಯ್ಯ! ಹೊಸಾ ಅರಬಿಗೆ ಕತ್ತರಿ ಹಾಕಾಕ್ಹತ್ಯಾರಲ್ರೀ!’

ಪಕ್ಕದ ಮಿಷನ್ನಿನಲ್ಲಿದ್ದ ಹೆಂಗಸು ತಲೆ ಎತ್ತಿ ಕನ್ನಡದಲ್ಲೇ ನಕ್ಕಳು. ‘ಮೊದಲ್ನೇ ದಿನ ನಾನೂ ಹಿಂಗೇ ಅಂದೆ ಅಕ್ಕಾ. ಚೂರು ಮಾಡ್ತಾರೆ, ಮತ್ತೆ ಕೂಡಿಸ್ತಾರೆ. ಇನ್ನೊಂದು ಕೇಳು. ಇದನ್ನ ಕೆಲವರು ಹೊದ್ಯೋದೂ ಇಲ್ಲವಂತೆ, ಗೋಡೆಗೆ ನೇತಾಕ್ತಾರಂತೆ.’

ಕೌದಿಯನ್ನು ಗೋಡೆಗೆ ನೇತುಹಾಕುವ ಜನ ಭೂಮಿಯ ಮೇಲಿದ್ದಾರೆಂದು ಕೇಳಿ ಅವತ್ತು ಊಟವೇ ಸೇರಲಿಲ್ಲ. ಆ ಹೆಂಗಸೇ ರಮಣಮ್ಮ. ರಾಯದುರ್ಗದ ಕಡೆಯವಳು, ಮನೆಮಾತು ತೆಲುಗು. ಗಡಿಯ ಊರಾದ್ದರಿಂದ ಕನ್ನಡ ಸಲೀಸು. ಅಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ ಇದ್ದುದರಿಂದ ಬೇಗ ಒಂದಾದೆವು.

ಕೌದಿ ಬಲ್ಲೆನೆಂಬ ನನ್ನ ಗರ್ವ ಎರಡನೆಯ ವಾರದಲ್ಲೇ ಮಣ್ಣುಪಾಲಾಯಿತು. ಎರಡೂವರೆ ಇಂಚು ಅಗಲದ ಆರು ಪಟ್ಟಿಗಳನ್ನು ಸಾಲಾಗಿ ಕೂಡಿಸಿ ಒಂದು ಚೌಕ ಮಾಡಬೇಕಿತ್ತು. ಪ್ರತಿ ಹೊಲಿಗೆಯೂ ಅಂಚಿನಿಂದ ಕಾಲಿಂಚು ಒಳಗೆ ಬರಬೇಕು. ಆಗ ಚೌಕ ಸರಿಯಾಗಿ ಹನ್ನೆರಡೂವರೆ ಇಂಚಾಗುತ್ತದೆ. ನಾನು ಕಣ್ಣಳತೆಯ ಮೇಲೆ ಹೊಲಿದೆ. ಒಂದು ಕೂದಲೆಳೆ ಹೆಚ್ಚಾದರೇನು ಮಹಾ ಎಂದುಕೊಂಡೆ. ಐದು ಹೊಲಿಗೆ ಸೇರಿದರೆ ಕೂದಲೆಳೆ ಬೆರಳಗಲವಾಗುತ್ತದೆ ಎಂಬ ಲೆಕ್ಕ ನನಗೆ ಹೊಳೆದಿರಲಿಲ್ಲ. ವಿಭಾಗದ ಮೇಲಧಿಕಾರಿ ಮೂರ್ತಿಗಾರು ನನ್ನ ನಲವತ್ತು ಚೌಕಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟರು. ಒಂದು ಮುಂದೆ, ಒಂದು ಹಿಂದೆ.

‘ಇದೇಮಿಟಮ್ಮಾ ನೀಲಮ್ಮಾ? ದುಪ್ಪಟಾ, ಮೆಟ್ಲಾ?’ ಎಂದರು. ಇದು ಹೊದಿಕೆಯೋ, ಮೆಟ್ಟಿಲೋ ಎಂದು ಕೇಳಿದ್ದು ಅಷ್ಟು ಜನರೆದುರು. ಮೂರು ದಿನ ಕೂತು ನಲವತ್ತನ್ನೂ ಬಿಚ್ಚಿದೆ. ನಾಲ್ಕನೆಯ ದಿನ ರಮಣಮ್ಮ ನನ್ನ ಮಿಷನ್ನಿನ ಮೇಲೆ, ಸೂಜಿಯಿಂದ ಸರಿಯಾಗಿ ಕಾಲಿಂಚು ಬಲಕ್ಕೆ, ಗಾಯಕ್ಕೆ ಹಚ್ಚುವ ಪ್ಲಾಸ್ಟರಿನ ತುಂಡೊಂದನ್ನು ಅಂಟಿಸಿದಳು.

‘ಬಟ್ಟೆ ಅಂಚು ಇದಕ್ಕೆ ಒರಸ್ಕೊಂಡು ಹೋಗ್ಲಿ. ಕಣ್ಣನ್ನ ನಂಬಬೇಡ ಅಕ್ಕಾ.’

ಸಿಂಧು, ನಿನ್ನ ಮಿಷನ್ನಿಗೆ ನಾನು ಪ್ಲಾಸ್ಟರ್ ಅಂಟಿಸಿದಾಗ ನೀನು ನಕ್ಕೆಯಲ್ಲ, ಆ ವಿದ್ಯೆ ನನ್ನದಲ್ಲ. ರಮಣಮ್ಮನದು.

ಬಣ್ಣದ ಪ್ರಕರಣವನ್ನೂ ಹೇಳಿಬಿಡುತ್ತೇನೆ. ಕೆಂಪು ಬಿಳಿ ಚೌಕಗಳ ಹೊದಿಕೆಯೊಂದನ್ನು ನೋಡಲು ಖರೀದಿದಾರರ ಕಡೆಯವರು ಬಂದಿದ್ದರು. ಬಣ್ಣ ಬಿಡುತ್ತದೆಯೇ ಎಂದು ಮೂರ್ತಿಗಾರು ಕೇಳಿದಾಗ, ‘ಎಲ್ಲಿ ಬಿಡತೈತ್ರಿ!’ ಎಂದು ನಾನೇ ಮುಂದೆ ಬಿದ್ದು ಹೇಳಿದ್ದೆ. ನಾನು ಕಂಡಿದ್ದು ಅವ್ವನ ಇಳಕಲ್ ಸೀರೆಯ ಕೆಂಪು. ಇದು ಎಲ್ಲಿಯ ಕೆಂಪೋ. ಬಂದವರು ಸುಮ್ಮನಿರಲಾರದೆ ನಮ್ಮೆದುರೇ ಅದನ್ನು ಬಿಸಿನೀರಿನಲ್ಲಿ ಅದ್ದಿಸಿದರು. ಮೇಲೆತ್ತಿದಾಗ ಬಿಳಿಯೆಂಬುದೇ ಇರಲಿಲ್ಲ, ಇಡೀ ಹೊದಿಕೆ ಗುಲಾಬಿಯಾಗಿತ್ತು. ಅಂದಿನಿಂದ ಪ್ರತಿ ಥಾನಿನಿಂದಲೂ ಒಂದು ಚೂರು ಕತ್ತರಿಸಿ, ಬಿಸಿನೀರಿನಲ್ಲಿ ನೆನೆಸಿ, ಬಿಳಿ ಬಟ್ಟೆಯ ಮೇಲಿಟ್ಟು ಇಸ್ತ್ರಿ ಒತ್ತಿ ನೋಡುವ ಕ್ರಮ ಬಂತು. ಮನೆಯಲ್ಲಿ ಹೊಲಿಯುವವರೂ ಇದನ್ನು ಬಿಡಬಾರದು. ಈಗ ನಾವು ಹನ್ನೆರಡು ಹೆಂಗಸರು ಚೌಕ ಬದಲಿ ಮಾಡಿಕೊಳ್ಳುತ್ತೇವಲ್ಲ, ಅಲ್ಲಿ ಒಬ್ಬಳ ಕೆಂಪು ಉಳಿದ ಹನ್ನೊಂದು ಜನರ ಹೊದಿಕೆ ಕೆಡಿಸುತ್ತದೆ.

ಇಷ್ಟೆಲ್ಲ ಬೈಸಿಕೊಂಡರೂ ನನಗೆ ಬಣ್ಣ ಕೂಡಿಸುವ ಕಣ್ಣಿದೆ ಎಂದು ಮೂರ್ತಿಗಾರು ಕಂಡುಕೊಂಡಿದ್ದರು. ನನ್ನನ್ನು ಚೆಕ್ಕರ್ ಮಾಡಿದರು. ಹೊಲಿದು ಬಂದದ್ದನ್ನು ತಿರುವಿ ನೋಡಿ, ಸರಿಯಿದ್ದರೆ ಸಹಿ ಹಾಕುವ ಕೆಲಸ. ಆ ವರ್ಷವೇ ಎಳೆಯ ಮಕ್ಕಳ ಹೊದಿಕೆಗೆ ನಾನು ಜೋಡಿಸಿದ ಚೌಕ ಒಪ್ಪಿಗೆಯಾಯಿತು. ಸಾಸಿವೆ ಹಳದಿ, ದಾಳಿಂಬೆ ಕೆಂಪು, ನಡುವೆ ಒಂದು ನೀಲಿ ಪಟ್ಟಿ. ನಮ್ಮವ್ವನ ಸೀರೆಗಳ ಬಣ್ಣ ಕಡಲು ದಾಟುತ್ತದೆ ಎಂದು ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಆ ಸರಕಿನ ಕಟ್ಟಕಡೆಯ ಹೊದಿಕೆಯ ಕಡೆಯ ಮೂಲೆ ರಮಣಮ್ಮನ ಮಿಷನ್ನಿನಲ್ಲಿದ್ದಾಗ ಅವಳ ಸೂಜಿ ಮುರಿಯಿತು. ಸೂಜಿ ಮುರಿದರೆ ಅದರ ಎಲ್ಲ ಚೂರನ್ನೂ ಹುಡುಕಿ ಚೆಕ್ಕರ್ ಕೈಗೆ ಕೊಡಬೇಕು. ಚೆಕ್ಕರ್ ಅವನ್ನು ರಿಜಿಸ್ಟರಿನಲ್ಲಿ ಟೇಪು ಹಚ್ಚಿ ಅಂಟಿಸಿದ ಮೇಲೆಯೇ ಹೊಸ ಸೂಜಿ. ರಮಣಮ್ಮ ಅರ್ಧ ಸೂಜಿ ಮಾತ್ರ ತಂದಳು.

‘ಮೊನೆ ಸಿಕ್ತಿಲ್ಲ ಅಕ್ಕಾ. ಮಗು ಹೊದ್ಯೋದು ಇದು,’ ಎಂದಳು. ಮುಖ ಬಿಳಿಚಿಕೊಂಡಿತ್ತು.

‘ಚಾ ಗಂಟಿ ಹೊಡೀತು, ನೀ ಕುಡದ ಬಾ. ನಾ ಹುಡುಕತೀನಿ.’

ಅವಳು ಹೋದಳು. ಅಯಸ್ಕಾಂತ ಹಿಡಿದು ನೆಲವೆಲ್ಲ ಸವರಿದೆ. ಪೆಡಲಿನ ಕೆಳಗೆ ಮೊನೆ ಸಿಕ್ಕಿತು. ಅರ್ಧಕ್ಕೆ ಅರ್ಧ ಜೋಡಿಸಿ ನೋಡಿದೆ, ಸರಿಯಾಗಿ ಕೂತಿತು. ಅವಳ ಟೋಕನ್ ನಂಬರಿನ ಎದುರು ಅಂಟಿಸಿದೆ. ಇಷ್ಟಕ್ಕೆ ಮುಗಿಸಿದ್ದರೆ ನನ್ನ ಕಥೆಯಲ್ಲಿ ಬರೆಯುವಂಥದ್ದೇನೂ ಇರುತ್ತಿರಲಿಲ್ಲ.

ಸಾಲಿನಲ್ಲಿ ಯಾರೂ ಇರಲಿಲ್ಲ. ನನ್ನ ಬಣ್ಣದ ಹೊದಿಕೆ ನಾಲ್ಕನೆಯ ಮೂಲೆ ತೆರೆದುಕೊಂಡು ಬಿದ್ದಿತ್ತು. ಯಾವುದೋ ಮಗು ಹೊದೆಯುತ್ತದೆ ಎಂದು ರಮಣಮ್ಮ ಆಡಿದ ಮಾತು ಕಿವಿಯಲ್ಲಿತ್ತು. ಕೈಚೀಲದಲ್ಲಿ ನನ್ನ ಡಬ್ಬಿ. ಕೈ ತಾನಾಗಿ ಹೋಯಿತೆಂದು ಹೇಳಲಾರೆ, ಬೇಕೆಂದೇ ಹೋಯಿತು. ಜೋಳದ ರೊಟ್ಟಿಯ ಒಂದು ಚೂರು ಮುರಿದು ಮೂಲೆಯೊಳಗೆ ತಳ್ಳಿ, ಕೈಸೂಜಿಯಿಂದ ಮುಚ್ಚಿ, ಸಹಿ ಹಾಕಿದೆ.

ರಮಣಮ್ಮ ಬಂದಳು. ‘ಮೊನೆ ಸಿಕ್ತಾ ಅಕ್ಕಾ?’

‘ಸಿಕ್ತು ಬಿಡ.’

‘ಎಲ್ಲಿ?’

‘ಸಿಕ್ತು ಅಂದ್ನೆಲ್ಲ!’ ಎಂದು ರೇಗಿಬಿಟ್ಟೆ. ನನ್ನ ಬೆರಳಿಗೆ ಇನ್ನೂ ರೊಟ್ಟಿಯ ಹಿಟ್ಟು ಮೆತ್ತಿಕೊಂಡಿತ್ತು. ರಿಜಿಸ್ಟರ್ ತೆಗೆದು ತೋರಿಸುವಷ್ಟು ವ್ಯವಧಾನ ಇರಲಿಲ್ಲ, ಅವಳನ್ನು ಅಲ್ಲಿಂದ ಸಾಗಹಾಕಿದರೆ ಸಾಕಾಗಿತ್ತು.

ಕೆಲವು ತಿಂಗಳ ಮೇಲೆ ಮೂರ್ತಿಗಾರು ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. ಮೇಜಿನ ಮೇಲೆ ಆ ಹೊದಿಕೆ. ಮೂಲೆಯನ್ನು ಬ್ಲೇಡಿನಿಂದ ಸೀಳಿದ್ದರು. ಒಳಗೆ ಕಪ್ಪಗೆ ಪುಡಿಪುಡಿಯಾದ ರೊಟ್ಟಿ, ಸತ್ತ ನುಸಿ. ಕಡಲಾಚೆಯ ಅಂಗಡಿಯಲ್ಲಿ ಪೆಟ್ಟಿಗೆ ಬಿಚ್ಚಿದಾಗಲೇ ಕಂಡಿದ್ದರಿಂದ ಅದು ಯಾವ ಮನೆಗೂ ಹೋಗಿರಲಿಲ್ಲ. ಆದರೆ ಇಡೀ ಸರಕು ವಾಪಸು ಬಂದಿತ್ತು. ನಮ್ಮವ್ವನ ಪ್ರೀತಿಯನ್ನು ಅವರು ಕೊಳಕು ಎಂದು ಕಾಗದದಲ್ಲಿ ಬರೆದಿದ್ದರು. ಅವರ ಜಾಗದಲ್ಲಿ ನಿಂತು ನೋಡಿದರೆ ಕೊಳಕೇ.

ಮೂರ್ತಿಗಾರು ಹೊದಿಕೆಗೆ ಹಚ್ಚಿದ್ದ, ಹೊಲಿದವಳ ಟೋಕನ್ ನಂಬರು ನೋಡಿದರು. ರಮಣಮ್ಮನದು. ‘ಈಮೆ ಮಿಷನ್ ದಗ್ಗರೇ ತಿಂಟುಂದಾ?’ ಎಂದು ಕೇಳಿದರು. ಈಕೆ ಮಿಷನ್ ಹತ್ತಿರವೇ ಕೂತು ತಿನ್ನುತ್ತಾಳಾ ಎಂದು. ಅವಳು ಒಂದು ದಿನವೂ ಹಾಗೆ ತಿಂದವಳಲ್ಲ. ಇಲ್ಲ ಎನ್ನಬೇಕಿತ್ತು. ನಾನೇ ಇಟ್ಟದ್ದು ಎನ್ನಬೇಕಿತ್ತು. ನಾಲಿಗೆ ಏಳಲಿಲ್ಲ. ಚೆಕ್ಕರ್ ಎಂಬ ಹೆಸರು ಹೋದೀತು, ಟೌನ್‌ಶಿಪ್ಪಿನಲ್ಲಿ ನಗೆಪಾಟಲಾದೇನು ಎಂದು ಹೆದರಿದೆ. ಅವರು ನನ್ನ ಮೌನವನ್ನು ಹೌದು ಎಂದು ತೆಗೆದುಕೊಂಡರು. ಬೇರೆ ಖರೀದಿದಾರರ ಕಿವಿಗೆ ಬಿದ್ದರೆ ಕಷ್ಟ, ಒಳಗೇನು ಸಿಕ್ಕಿತೆಂದು ಹೊರಗೆ ಬಾಯಿಬಿಡಬೇಡ ಎಂದರು. ಅದನ್ನು ಮಾತ್ರ ನಾನು ಚಾಚೂ ತಪ್ಪದೆ ಪಾಲಿಸಿದೆ.

ಮರುದಿನ ಬೆಳಿಗ್ಗೆ ಗೇಟಿನಲ್ಲಿ ಅವಳ ಪಾಸು ಕಿತ್ತುಕೊಂಡರು. ನಾನು ಮೆಟ್ಟಿಲ ಮೇಲಿದ್ದೆ. ‘ಏನು ಸಿಕ್ತು ಸಾರ್? ಅದೊಂದು ಹೇಳಿ ಸಾರ್, ಏನು ಸಿಕ್ತು?’ ಎಂದು ಅವಳು ಕೇಳುತ್ತಲೇ ಇದ್ದಳು. ಮಗುವಿನ ಹೊದಿಕೆಯಲ್ಲಿ ಇರಬಾರದ್ದು ಇತ್ತು, ನಿನ್ನ ಟೋಕನ್, ಇನ್ನು ಬರಬೇಡ ಎಂದಷ್ಟೇ ಹೇಳಿದರು. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ನಾನು ಬಗ್ಗಿ ಚೌಕಗಳ ಕಟ್ಟನ್ನು ಸರಿಮಾಡುವವಳಂತೆ ನಟಿಸಿದೆ. ವಾರ ಬಿಟ್ಟು ಧೈರ್ಯ ಮಾಡಿ ಅವಳ ಮನೆಗೆ ಹೋದಾಗ ಬೀಗ ಹಾಕಿತ್ತು. ವಿಜಯವಾಡದ ಕಡೆ ಹೋದರು ಎಂದರು ಅಕ್ಕಪಕ್ಕದವರು.

ಆಮೇಲೆ ಕಾರ್ಖಾನೆಯಲ್ಲಿ ಬಂದ ಬದಲಾವಣೆಗಳೆಲ್ಲ ಆ ಒಂದು ಚೂರು ರೊಟ್ಟಿಯಿಂದ ಬಂದವು. ಡಬ್ಬಿಗಳು ಗೇಟಿನಲ್ಲೇ ಉಳಿದವು. ಕತ್ತರಿಗಳನ್ನು ಮೇಜಿಗೆ ದಾರದಿಂದ ಕಟ್ಟಿದರು. ಲೋಹ ಹಿಡಿಯುವ ಯಂತ್ರ ಬಂತು, ಪ್ರತಿ ಹೊದಿಕೆಯೂ ಅದರ ಬಾಯೊಳಗೆ ತೂರಿ ಹೊರಬರಬೇಕು. ಹೊಸ ಹುಡುಗಿಯರಿಗೆ ಈ ನಿಯಮಗಳನ್ನು ಕಲಿಸುವವಳು ನಾನೇ. ‘ಹಿಂದೊಮ್ಮೆ ಯಾರೋ ಏನೋ ಇಟ್ಟಿದ್ದರಂತೆ ಹೌದಾ ಮೇಡಂ?’ ಎಂದು ಯಾರಾದರೂ ಕೇಳಿದರೆ ಬೆವರುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ ಕೈ ತಾನಾಗಿ ಕೈಚೀಲಕ್ಕೆ ಹೋಗುತ್ತಿತ್ತು. ಹೀಗೇ ನಿವೃತ್ತಿಯೂ ಆಯಿತು. ಹಾರ ಹಾಕಿದರು, ನಿಷ್ಠೆಯ ಬಗ್ಗೆ ಭಾಷಣ ಮಾಡಿದರು. ನಾನು ತಲೆ ತಗ್ಗಿಸಿ ಕೂತಿದ್ದನ್ನು ವಿನಯ ಎಂದುಕೊಂಡರು.

ನಿವೃತ್ತಿಯ ಮೇಲೆ ಕೈ ಸುಮ್ಮನಿರಲಿಲ್ಲ. ಸಿಂಧು ಮತ್ತು ನಾನು ಸೇರಿ ಚೌಕ ಬದಲಿ ಮಾಡಿಕೊಳ್ಳುವ ಗುಂಪು ಕಟ್ಟಿದೆವು. ವಿಶಾಖಪಟ್ಟಣ, ವಿಜಯವಾಡಗಳಲ್ಲಿರುವ ನಮ್ಮ ಕನ್ನಡದ ಹೆಂಗಸರು, ಕೆಲವರು ತೆಲುಗಿನ ಗೆಳತಿಯರು, ಒಟ್ಟು ಹನ್ನೆರಡು ಜನ. ತಿಂಗಳಿಗೊಂದು ನಮೂನೆ ಗೊತ್ತುಮಾಡುತ್ತೇವೆ. ಒಬ್ಬೊಬ್ಬರೂ ಒಂದೇ ಥರದ ಹನ್ನೆರಡು ಚೌಕ ಹೊಲಿದು ನನಗೆ ಕಳಿಸಬೇಕು. ನಾನು ವಿಂಗಡಿಸಿ, ಎಲ್ಲರ ಒಂದೊಂದು ಬರುವ ಹಾಗೆ ಹನ್ನೆರಡರ ಕಟ್ಟು ಮಾಡಿ ಹಿಂದಕ್ಕೆ ಕಳಿಸುತ್ತೇನೆ. ಹನ್ನೆರಡು ಮನೆಯ ಬಣ್ಣ ಒಂದೇ ಹೊದಿಕೆಯಲ್ಲಿ ಸೇರುತ್ತದೆ. ಅಳತೆ ತಪ್ಪಿದವರಿಗೆ ನಾನು ಮೂರ್ತಿಗಾರು ಆಗುತ್ತೇನೆ.

ವಿಜಯವಾಡದ ಭವಾನಿಪುರಂನಿಂದ ಲಾವಣ್ಯ ಎಂಬಾಕೆಯ ಹೆಸರಿನಲ್ಲಿ ಬರುವ ಕಟ್ಟು ಎಲ್ಲರಿಗಿಂತ ಅಚ್ಚುಕಟ್ಟು. ಪೂರಾ ಕೈಹೊಲಿಗೆ. ಪ್ರತಿ ಕಟ್ಟಿನಲ್ಲೂ ತೆಲುಗಿನಲ್ಲಿ ಬರೆದ ಒಂದು ಚೀಟಿ: ‘ಸೂದಿ ಲೇದು.’ ಸೂಜಿ ಇಲ್ಲ ಎಂದು. ಗುಂಪಿನವರು ತಮಾಷೆ ಮಾಡುತ್ತಿದ್ದರು. ‘ಬಂಗಾರ ಇಲ್ಲ ಅಂತಾನೂ ಬರ್ದು ಕಳ್ಸಿ ಲಾವಣ್ಯ,’ ಎಂದು ಸಿಂಧು ಕಾಡಿಸಿದ್ದಳು. ನಾನೂ ನಕ್ಕಿದ್ದೆ.

ಅದುವರೆಗೆ ಅಳತೆ ಮಾತ್ರ ನೋಡುತ್ತಿದ್ದವಳು, ಹೋದ ಕಾರ್ತೀಕದ ಕಟ್ಟು ಬಂದಾಗ ಒಂದು ಚೌಕವನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂಬದಿ ನೋಡಿದೆ. ಹೊಲಿಗೆ ಮುಗಿಯುವಲ್ಲಿ ದಾರವನ್ನು ಮೂರು ಸಲ ಹಿಂದಕ್ಕೆ ತಿರುಗಿಸಿ, ಗಂಟನ್ನು ಮಡಿಕೆಯೊಳಗೆ ಅಡಗಿಸಿತ್ತು. ವರ್ಷಗಟ್ಟಲೆ ನನ್ನ ಪಕ್ಕದಲ್ಲಿ ಕೂತು ಮಿಷನ್ ಹೊಲಿಗೆಯ ಕೊನೆಯನ್ನೂ ಹೀಗೇ ಕಟ್ಟುತ್ತಿದ್ದ ಕೈ ಅದು. ಚೆಕ್ಕರಿಗೆ ಹೊಲಿಗೆ ಎಂದರೆ ಸಹಿಯೇ. ಲಾವಣ್ಯಳಿಗೆ ಫೋನು ಮಾಡಿ, ಇದನ್ನು ಹೊಲಿದವರು ಯಾರಮ್ಮಾ ಎಂದೆ. ನಮ್ಮ ಅತ್ತಯ್ಯ, ಅಂದರೆ ಅತ್ತೆ, ರಮಣಮ್ಮ ಎಂದಳು.

ಮರುದಿನ ಬೆಳಗಿನ ರೈಲು ಹಿಡಿದೆ. ಕೆಲಸ ಕಳೆದದ್ದಕ್ಕೆ ಕ್ಷಮೆ ಕೇಳಬೇಕು, ಬೈದರೆ ಬೈಸಿಕೊಳ್ಳಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬುದು ಗೊತ್ತಿತ್ತು. ಆದರೂ ಹೇಳಿಬಿಟ್ಟರೆ ಹಗುರಾಗುತ್ತೇನೆ ಎಂಬ ಸ್ವಾರ್ಥವೂ ಇತ್ತು.

ಭವಾನಿಪುರಂನ ಮನೆಯ ಬಾಗಿಲು ತೆರೆದವಳು ರಮಣಮ್ಮನೇ. ಕೂದಲು ಪೂರಾ ಬೆಳ್ಳಗಾಗಿತ್ತು. ಕೊರಳಲ್ಲಿ ದಾರಕ್ಕೆ ಕಟ್ಟಿದ ಒಂದು ಅಯಸ್ಕಾಂತ.

‘ಬಾ ನೀಲಕ್ಕಾ. ಚೌಕ ವಿಂಗಡಿಸೋಳು ನೀನೇ ಅಂತ ಫೋಟೋ ನೋಡಿ ತಿಳ್ಕೊಂಡಿದ್ದೆ. ಬರ್ತೀಯ ಅಂತ ಗೊತ್ತಿತ್ತು. ಇಷ್ಟು ತಡ ಮಾಡ್ತೀಯ ಅಂತ ಗೊತ್ತಿರ್ಲಿಲ್ಲ.’

ಕೂತೆ. ಜೋಡಿಸಿಕೊಂಡ ಮಾತೆಲ್ಲ ಕಲಸಿಹೋಯಿತು. ‘ನಿನ್ನ ನೌಕರಿ ನನ್ನಿಂದ ಹೋತು ರಮಣಮ್ಮ,’ ಎಂದು ಶುರು ಮಾಡಿದೆ.

ಅವಳು ಕೈ ಅಡ್ಡ ಹಿಡಿದಳು. ‘ನೌಕರಿ ಬಿಡು. ಆ ಮಗು ಏನಾಯ್ತು? ಅದು ಹೇಳು ಮೊದ್ಲು.’

‘ಯಾವ ಕೂಸು?’

‘ಸೂಜಿ ಚುಚ್ಚಿದ ಮಗು.’

ನನಗೆ ತಲೆಬುಡ ತಿಳಿಯಲಿಲ್ಲ. ಅವಳು ಮುಂದಕ್ಕೆ ಬಾಗಿದಳು. ‘ನನ್ನ ಮುರಿದ ಸೂಜಿ, ಅಕ್ಕಾ. ಮೊನೆ ಸಿಕ್ತು ಅಂದೆ, ತೋರಿಸ್ಲಿಲ್ಲ. ಸರಕು ಹೋಗ್ಲಿ ಅಂತ ಸುಳ್ಳು ಹೇಳ್ದೆ ಅಂತ ಆಗ್ಲೇ ಅನ್ನಿಸ್ತು. ನಾನು ಹಠ ಮಾಡಿ ನೋಡ್ಬೇಕಿತ್ತು. ನೋಡ್ಲಿಲ್ಲ. ಆಮೇಲೆ ಗೇಟಲ್ಲಿ ಮಗುವಿನ ಹೊದಿಕೇಲಿ ಇರಬಾರದ್ದು ಇತ್ತು ಅಂದ್ರು. ಕಣ್ಣಿಗೆ ಚುಚ್ತಾ? ನುಂಗ್ತಾ? ಬದುಕಿದೆಯಾ? ಯಾರನ್ನ ಕೇಳ್ಲಿ? ಇಪ್ಪತ್ತೊಂದು ವರ್ಷ ಅಕ್ಕಾ. ಮಿಷನ್ ಮುಟ್ಟಿಲ್ಲ. ಮುಚ್ಚಿದ ಹೊದಿಕೆ ಹೊಲ್ದಿಲ್ಲ. ಚೌಕ ಆದ್ರೆ ಎರಡೂ ಕಡೆ ಕಾಣುತ್ತೆ, ಒಳಗೇನೂ ಉಳಿಯಲ್ಲ. ನನ್ನ ಮೊಮ್ಮಗ ಹುಟ್ಟಿ ಎರಡು ವರ್ಷ ಆಯ್ತು, ಅವನಿಗೆ ಒಂದು ಹೊದಿಕೆ ಮಾಡೋಕೆ ನನ್ನ ಕೈ ಬರ್ಲಿಲ್ಲ.’

ಗಾಬರಿಗೆ ನನಗೆ ಬರಗಾಲವಿಲ್ಲ. ಆದರೆ ಅಂದು ಆದದ್ದಕ್ಕೆ ನನ್ನಲ್ಲಿ ಹೆಸರಿಲ್ಲ. ನಾನು ಕಳೆದದ್ದು ಒಂದು ನೌಕರಿ ಎಂದುಕೊಂಡಿದ್ದೆ. ಇವಳ ತಲೆಯ ಮೇಲೆ ಇಲ್ಲದ ಮಗುವಿನ ಗಾಯ ಹೊರಿಸಿ ನಾನು ಚಹಾ ಕುಡಿದುಕೊಂಡು, ಹಾರ ಹಾಕಿಸಿಕೊಂಡು ಇದ್ದೆ.

‘ಸೂಜಿ ಅಲ್ಲ ರಮಣಮ್ಮ! ರೊಟ್ಟಿ! ಒಳಗ ಇದ್ದದ್ದು ರೊಟ್ಟಿ ಚೂರು. ನಾನ ಇಟ್ಟಿದ್ದೆ. ನಿನ್ನ ಸೂಜಿ ಮೊನಿ ಪೆಡಲ್ ಬುಡಕ ಸಿಕ್ಕಿತ್ತು, ಖರೇನ ಸಿಕ್ಕಿತ್ತು. ಅಂಗಡ್ಯಾಗ ಹಿಡದ್ರು, ಯಾ ಕೂಸಿನ ಮನಿಗೂ ಹೋಗಿಲ್ಲ ಅದು.’

ಎಲ್ಲವನ್ನೂ ಹೇಳಿದೆ. ಅವ್ವನ ಪದ್ಧತಿ, ಡಬ್ಬಿ, ಮೂರ್ತಿಗಾರ ಕೋಣೆ, ಮೆಟ್ಟಿಲು. ಅವಳು ಕೊನೆಯವರೆಗೂ ಕೇಳಿದಳು. ಆಮೇಲೆ ಅಂಗೈ ಚಾಚಿದಳು.

‘ತೋರಿಸು.’

‘ಏನು?’

‘ಮೊನೆ. ಅವತ್ತೂ ಸಿಕ್ತು ಅಂದೆ, ಇವತ್ತೂ ಸಿಕ್ತು ಅಂತೀಯ. ತೋರಿಸು.’

ನನ್ನ ಹತ್ತಿರ ಏನಿತ್ತು? ಆ ರಿಜಿಸ್ಟರುಗಳು ರದ್ದಿಗೆ ಹೋಗಿ ಎಷ್ಟೋ ಕಾಲವಾಗಿತ್ತು. ಮೂರ್ತಿಗಾರು ತೀರಿಕೊಂಡಿದ್ದರು. ಕಂಡವಳು ನಾನೊಬ್ಬಳೇ, ಸುಳ್ಳು ಹೇಳಿದವಳೂ ನಾನೇ. ದೇವರ ಮೇಲೆ ಆಣೆ ಮಾಡಹೋದೆ. ಬೇಡ ಎಂದು ತಲೆ ಆಡಿಸಿದಳು.

‘ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯೇನೋ. ವಯಸ್ಸಾದೋರಿಗೆ ಎಲ್ಲರೂ ಹಂಗೇ ಹೇಳ್ತಾರೆ. ಬರಿ ಅಕ್ಕಾ. ಗುಂಪಿನೋರು, ನಿಮ್ಮೋರು, ಎಲ್ಲರೂ ಓದೋ ಹಂಗೆ ನಿನ್ನ ಹೆಸರು ಹಾಕಿ ಬರಿ. ಯಾರೂ ಸುಳ್ಳಿಗೆ ತಮ್ಮ ಮಾನ ಕಳ್ಕೊಳ್ಳಲ್ಲ. ಆಗ ನಂಬ್ತೀನಿ.’

ಲಾವಣ್ಯ ಒಳಗಿನಿಂದ ಕಾಫಿ ತಂದಳು. ‘ಬೇಡಮ್ಮಾ, ಅವರು ಹೊರಡ್ತಾರೆ,’ ಎಂದಳು ರಮಣಮ್ಮ. ನಾನು ಎದ್ದೆ.

ಸಿಂಧು, ಹಾಗೂ ಸಿಂಧುವಿನಂತೆ ಈ ಕೆಲಸಕ್ಕೆ ಬರುವ ಮಕ್ಕಳೇ, ಅಳತೆ, ಬಣ್ಣ, ಇಸ್ತ್ರಿ ಎಲ್ಲವನ್ನೂ ನಾನು ಕಲಿಸಬಲ್ಲೆ. ಆದರೆ ಮುರಿದ ಸೂಜಿ ಸಿಕ್ಕಿತು ಎಂದು ಬಾಯಲ್ಲಿ ಹೇಳಬೇಡಿ. ಎದುರಿನವರ ಅಂಗೈ ಮೇಲಿಟ್ಟು ತೋರಿಸಿ. ಹೊದಿಕೆಯಲ್ಲಿ ರೊಟ್ಟಿ ಇಟ್ಟವಳು ನೀಲಮ್ಮ. ರಮಣಮ್ಮನ ಸೂಜಿಯಿಂದ ಯಾವ ಮಗುವಿಗೂ ಏನೂ ಆಗಿಲ್ಲ.

ಇಲ್ಲಿಯವರೆಗಿನದನ್ನು ಬರೆದು ಗುಂಪಿಗೆ ಹಾಕಿದೆ. ರಮಣಮ್ಮನಿಗೆ ಕನ್ನಡ ಓದಲು ಬಾರದೆಂದು ಸಿಂಧು ಅದನ್ನು ಗಟ್ಟಿಯಾಗಿ ಓದಿ ಧ್ವನಿ ಕಳಿಸಿದಳು. ಗುಂಪಿನಲ್ಲಿ ಒಬ್ಬರು ನನಗೆ ನಮಸ್ಕಾರದ ಚಿತ್ರ ಹಾಕಿದರು, ಇಬ್ಬರು ಬೈದರು, ಒಬ್ಬಾಕೆ ಗುಂಪು ಬಿಟ್ಟುಹೋದಳು. ಭವಾನಿಪುರಂನಿಂದ ಒಂದು ಅಕ್ಷರವೂ ಬರಲಿಲ್ಲ. ಯಜಮಾನರು ಎರಡು ದಿನ ನನ್ನನ್ನು ಕಾಡಿಸಲಿಲ್ಲ.

ಭವಾನಿಪುರಂನ ಈ ತಿಂಗಳ ಕಟ್ಟು ನಿನ್ನೆ ಬಂತು. ಒಬ್ಬಾಕೆ ಕಡಿಮೆಯಾದದ್ದರಿಂದ ಹನ್ನೊಂದು ಚೌಕ. ಹಿಂಬದಿ ತಿರುಗಿಸಿದೆ. ಮಿಷನ್ ಹೊಲಿಗೆ. ಅಂಚಿನಿಂದ ಸರಿಯಾಗಿ ಕಾಲಿಂಚು, ಪ್ಲಾಸ್ಟರಿಗೆ ಒರಸಿಕೊಂಡು ಹೋದ ಹಾಗೆ ನೆಟ್ಟಗೆ. ಚೀಟಿ ಹುಡುಕಿದೆ. ಲಕೋಟೆ ಕೊಡವಿದೆ, ಒಳಗೆ ಕೈ ಹಾಕಿ ಸವರಿದೆ, ಒಂದೊಂದೇ ಚೌಕ ಬಿಡಿಸಿ ನೋಡಿದೆ. ಚೀಟಿ ಇರಲಿಲ್ಲ.

ಲಾವಣ್ಯಳಿಗೆ ಫೋನು ಮಾಡಿದೆ. ಅತ್ತಯ್ಯ ಮೊಮ್ಮಗನಿಗೆ ಹೊದಿಕೆ ಹೊಲಿಯುತ್ತಿದ್ದಾರೆ ಎಂದಳು. ಒಂದು ನಿಮಿಷ ಕೊಡಮ್ಮಾ ಎಂದೆ. ಅವಳು ಹೋಗಿ ಕೇಳಿ ಬಂದು, ಸಂಕೋಚದಿಂದ, ‘ರಾನಂಟುನ್ನಾರು ಆಂಟಿ,’ ಎಂದಳು. ಬರುವುದಿಲ್ಲವಂತೆ. ಅವಳ ಹಿಂದಿನಿಂದ ಮಿಷನ್ನಿನ ಸದ್ದು ಕೇಳುತ್ತಿತ್ತು. ಅದು ನನ್ನ ಹೆಸರು ಕೇಳಿಯೂ ನಿಂತಿರಲಿಲ್ಲ. ಫೋನು ಇಡಬೇಡಮ್ಮಾ, ಸ್ವಲ್ಪ ಹೊತ್ತು ಹಾಗೇ ಹಿಡಿದಿರು ಎಂದು ಹೇಳಿ ಕೇಳುತ್ತ ನಿಂತೆ.